ಯಾರ ಮನೆಯಲ್ಲಿ ಉಂಡೆ?

ಕ್ರೈಸ್ತ ನಂಬಿಕೆಯನ್ನು ದಿನನಿತ್ಯ ಬದುಕುವುದು ಹೇಗೆ ಎಂದು ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: ಕೊಡುವುದರಿಂದ. ಹಸಿದವರಿಗೆ ಅನ್ನ, ಕಾಯಿಲೆಯವರಿಗೆ ಔಷಧ, ಮಕ್ಕಳಿಗೆ ಶಾಲೆ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯನ್ನು ಕಂಡವರು ಈ ಉತ್ತರವನ್ನು ತಳ್ಳಿಹಾಕಲಾರರು. ಹನೂರಿನ ಕಾಡಂಚಿನಲ್ಲಿ ದೊಡ್ಡ ಆಸ್ಪತ್ರೆ ಎಂದರೆ ಬಸ್ಸು ಹತ್ತಿ ದೂರ ಹೋಗುವ ಮಾತು. ಅಂಥ ಕಡೆ ಸಿಸ್ಟರುಗಳು ಮಾಡಿದ ಕೆಲಸಕ್ಕೆ ವಕಾಲತ್ತು ಬೇಕಿಲ್ಲ. ಆದರೂ ನನ್ನದೊಂದು ತಕರಾರಿದೆ. ಕೊಡುವುದು ನಂಬಿಕೆಯ ಸುಲಭದ ಭಾಗ. ಕೊಡುವವನ ಕೈ ಯಾವಾಗಲೂ ಮೇಲಿರುತ್ತದೆ, ಮನೆ ಅವನದೇ, ಹೊತ್ತು ಅವನು ಗೊತ್ತುಮಾಡಿದ್ದು. ಕಷ್ಟದ ಭಾಗ ಇನ್ನೊಬ್ಬರಿಂದ ಪಡೆಯುವುದು, ಅದರಲ್ಲೂ ಇನ್ನೊಬ್ಬರ ಮನೆಯಲ್ಲಿ ಕೂತು ಉಣ್ಣುವುದು.

ಶುಭಸಂದೇಶಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಯೇಸುಸ್ವಾಮಿ ಅಲ್ಲಿ ಆತಿಥೇಯರಾಗಿರುವುದಕ್ಕಿಂತ ಅತಿಥಿಯಾಗಿರುವುದೇ ಹೆಚ್ಚು. ಅವರ ಮೇಲಿದ್ದ ದೂರಾದರೂ ಏನು? ಸುಂಕದವರ ಜೊತೆ, ಪಾಪಿಗಳ ಜೊತೆ ಕೂತು ಉಣ್ಣುತ್ತಾರೆ ಎಂಬುದು. ಮರವೇರಿ ಕುಳಿತ ಜಕ್ಕಾಯನಿಗೆ ಅವರು ಮೊದಲು ಉಪದೇಶ ಮಾಡುವುದಿಲ್ಲ. ಇವತ್ತು ನಿನ್ನ ಮನೆಯಲ್ಲೇ ಉಳಿಯುತ್ತೇನೆ ಎನ್ನುತ್ತಾರೆ. ಊರೆಲ್ಲ ದೂರವಿಟ್ಟ ಆ ಮನುಷ್ಯ ಬದಲಾಗುವುದು ಅವನ ಮನೆ ಯಾರಿಗೋ ಬೇಕಾದಾಗ. ಸಮಾರ್ಯದ ಹೆಂಗಸಿನ ಹತ್ತಿರವೂ ಮಾತು ಶುರುವಾಗುವುದು ಕುಡಿಯಲು ನೀರು ಕೇಳುವುದರಿಂದ, ಯೆಹೂದ್ಯರು ಸಮಾರ್ಯದವರ ಪಾತ್ರೆ ಬಳಸದಿದ್ದ ಕಾಲದಲ್ಲಿ. ಬಾವಿ, ಬಿಂದಿಗೆ, ಯಾರು ಸೇದಬೇಕು, ಯಾರು ದೂರ ನಿಲ್ಲಬೇಕು: ಈ ಕಥೆಗೆ ನಮ್ಮ ಊರುಗಳಲ್ಲಿ ವ್ಯಾಖ್ಯಾನ ಬೇಕಿಲ್ಲ.

ಈಗ ಹನೂರಿನ ಒಂದು ಬೀದಿಗೆ ಬನ್ನಿ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬಂದ ಪಕ್ಕದ ಮನೆಯಾಕೆ ಲಾಡು ಹಿಡಿದು ಬಾಗಿಲಿಗೆ ಬರುತ್ತಾಳೆ. "ಮಾದಪ್ಪನ ಪ್ರಸಾದ ಕನವ್ವ, ತಕ್ಕೊ." ಕ್ರೈಸ್ತ ಮನೆಯವಳು ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾಳೆ. ಆಮೇಲೆ ಆ ಲಾಡು ಅಡುಗೆಮನೆಯ ಗೂಡಿನಲ್ಲಿ ಕೂರುತ್ತದೆ. ತುಪ್ಪ ಕಾಗದಕ್ಕೆ ಇಳಿದು, ಇರುವೆ ಹತ್ತಿ, ಕೊನೆಗೆ ಹಿತ್ತಲ ಕೋಳಿಗಳ ಪಾಲಾಗುತ್ತದೆ. ಬೇಡವೆಂದರು ಎನ್ನುವಂತಿಲ್ಲ, ತಿಂದರು ಎನ್ನುವಂತೆಯೂ ಇಲ್ಲ. ನಮ್ಮ ಕಡೆಯ ಮತಸಾಮರಸ್ಯ ಬಹುಪಾಲು ಆ ಗೂಡಿನಲ್ಲೇ ಇದೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು.

ಇದು ಇವತ್ತಿನ ಇಕ್ಕಟ್ಟಲ್ಲ. ಕ್ರಿ.ಶ. 50ರ ದಶಕದಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ವಿಗ್ರಹಗಳಿಗೆ ಎಡೆಯಿಟ್ಟ ಆಹಾರದ ಬಗ್ಗೆ ಮೂರು ಅಧ್ಯಾಯಗಳುದ್ದಕ್ಕೂ ವಾದಿಸುತ್ತಾರೆ. ತಿಂದರೆ ಗಳಿಸುವುದೂ ಇಲ್ಲ, ತಿನ್ನದಿದ್ದರೆ ಕಳೆದುಕೊಳ್ಳುವುದೂ ಇಲ್ಲ ಎಂಬುದು ಅವರ ನಿಲುವು. ಅನ್ಯರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ, ಎಲ್ಲಿಂದ ಬಂತೆಂದು ಕೇಳಬೇಡಿ ಎನ್ನುತ್ತಾರೆ. ಆದರೆ ಇದು ಎಡೆಯಿಟ್ಟದ್ದು ಎಂದು ಯಾರಾದರೂ ಹೇಳಿಬಿಟ್ಟರೆ ಉಣ್ಣಬೇಡಿ, ನಿಮಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ. ಕೊರಿಂಥದಲ್ಲಿ ಕೇಳದೆ ಪಾರಾಗಬಹುದಿತ್ತು. ನಮ್ಮಲ್ಲಿ ಪ್ರಸಾದವೆಂದು ಹೇಳಿಯೇ ಕೊಡುತ್ತಾರೆ.

ಹಾಗಾದರೆ ಬೇಡವೆನ್ನಬೇಕೆ? ಬೇಡವೆನ್ನುವವರನ್ನು ಸಂಕುಚಿತರೆಂದು ನಾನು ಜರೆಯಲಾರೆ. ಹರಕೆ ತಪ್ಪಿದರೆ ಮಾದಪ್ಪ ಸುಮ್ಮನಿರುವುದಿಲ್ಲ ಎಂಬ ಭಯದಲ್ಲೇ ಬೆಳೆದು, ಆ ಭಯ ಬಿಟ್ಟು ಈಚೆಗಷ್ಟೇ ವಿಶ್ವಾಸಿಯಾದ ಒಬ್ಬನಿಗೆ ಆ ಲಾಡು ಬರೀ ಸಿಹಿಯಲ್ಲ. ಹಳೆಯ ಹೆದರಿಕೆ ಮತ್ತೆ ಬಾಗಿಲು ತಟ್ಟಿದಂತೆ. ಪೌಲರು ಹೇಳುವ ದುರ್ಬಲ ಸಹೋದರ ಅವನೇ, ಅವನ ಎದುರಿಗೆ ಧಾರಾಳತನ ಮೆರೆಸುವುದು ದರ್ಪ. ಆದರೆ ತಲೆಮಾರುಗಳಿಂದ ಕ್ರೈಸ್ತರಾಗಿರುವವರಿಗೆ ಈ ರಿಯಾಯಿತಿ ಸಿಗಬಾರದು. ಅಲ್ಲಿ ನೋಯುವ ಮನಸ್ಸು ತಂದವಳದು. ಪೌಲರ ಸೂತ್ರದ ಜೀವಾಳ ಆಹಾರವಲ್ಲ, ಎದುರಿಗಿರುವ ವ್ಯಕ್ತಿ. ಅದನ್ನು ಒಪ್ಪಿದರೆ ಉತ್ತರ ಮನೆಯಿಂದ ಮನೆಗೆ ಬೇರೆಯಾಗಲೇಬೇಕು.

ಆ ಪೌಲರೇ ಅಂತಿಯೋಕ್ಯದಲ್ಲಿ ಪೇತ್ರರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡದ್ದು ನಮ್ಮ ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಪೇತ್ರರ ತಪ್ಪು ಇಷ್ಟೇ: ಅನ್ಯಜನರ ಜೊತೆ ಉಣ್ಣುತ್ತಿದ್ದವರು, ಸ್ವಜನರು ಬಂದ ಮೇಲೆ ಅಂಜಿ ಬೇರೆ ಕೂತರು.

ಬೇರೆ ಕೂರುವುದರಲ್ಲಿ ನಮ್ಮ ಚರಿತ್ರೆ ದೊಡ್ಡದೇ. 1606ರಲ್ಲಿ ಮಧುರೆಗೆ ಬಂದ ಜೆಸ್ವಿಟ್ ಗುರು ರಾಬರ್ಟ್ ಡಿ ನೊಬಿಲಿ ಸನ್ಯಾಸಿಯಂತೆ ಕಾವಿಯುಟ್ಟು, ಸಸ್ಯಾಹಾರಿಯಾಗಿ, ಬ್ರಾಹ್ಮಣರ ಅಡುಗೆಯನ್ನೇ ಉಂಡರು. ಅದೇ ಶತಮಾನದ ನಡುವೆ ಮೈಸೂರು ಮಿಷನ್ ಕಟ್ಟಿದ ಲಿಯೊನಾರ್ಡೊ ಚಿನ್ನಾಮಿ ಅದೇ ಜಾಡು ಹಿಡಿದರು. ನೆಲದ ಮೇಲಿನ ಗೌರವವೂ ಅದರಲ್ಲಿತ್ತು, ಚಿನ್ನಾಮಿ ಕನ್ನಡ ಕಲಿತು ವ್ಯಾಕರಣ ಬರೆದವರು. ಆದರೆ ಆ ಗೌರವದ ಬೆಲೆ ತೆತ್ತವರು ಕೇರಿಯವರು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಇಲ್ಲಿನ ಆಚಾರಗಳನ್ನು ಕ್ರೈಸ್ತರು ಎಷ್ಟು ಉಳಿಸಿಕೊಳ್ಳಬಹುದು ಎಂಬ ಮಲಬಾರ್ ವಿಧಿಗಳ ಜಗಳಕ್ಕೆ ತೆರೆ ಎಳೆದಾಗಲೂ ದಲಿತರಿಗೆ ಪ್ರತ್ಯೇಕ ಗುರುಗಳು ಎಂಬುದೇ ರಾಜಿಯಾಯಿತು. ಒಂದೇ ರೊಟ್ಟಿಯ ಧರ್ಮ ನಮ್ಮಲ್ಲಿ ಎರಡು ಪಂಕ್ತಿಯಲ್ಲಿ ಬೇರುಬಿಟ್ಟಿತು.

ನಮ್ಮದೇ ಸೀಮೆಯಲ್ಲಿ ಮಂಟೇಸ್ವಾಮಿ ಪರಂಪರೆ ಬೇರೆ ದಾರಿ ಹಿಡಿಯಿತು. ಜನವರಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಒಕ್ಕಲಿನವರು ಬಿಡಾರ ಹೂಡಿ, ಬಾಡೂಟ ಬೇಯಿಸಿ, ಜಾತಿ ಕೇಳದೆ ಜೊತೆಗೂಡಿ ಉಣ್ಣುವುದಕ್ಕೆ ಪಂಕ್ತಿಸೇವೆ ಎಂದೇ ಹೆಸರು. ಪ್ರಾಣಿಬಲಿ ನಿಷೇಧದ ಕಾಯ್ದೆ ಮುಂದಿಟ್ಟು ಆಡಳಿತ ಅಡ್ಡಿಪಡಿಸಿದಾಗ ಇದು ಬಲಿಯಲ್ಲ, ಕೂಡಿ ಉಣ್ಣುವ ಪದ್ಧತಿ ಎಂದು ಒಕ್ಕಲಿನವರು ವಾದಿಸಿದರು. ಯಳಂದೂರಿನ ಕಡೆ ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದು ಅವರಿಗೆ ಭಾವನಾದ. ವರ ಕೊಟ್ಟು ಅಲ್ಲ, ಹೆಣ್ಣು ಪಡೆದು ನಂಟನಾದ ದೇವರು! ಕ್ರೈಸ್ತ ದೈವಶಾಸ್ತ್ರಿಗಳು ಈ ಕಥೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಪಡೆಯುವುದು ನಂಬುವುದೂ ಹೌದು. ಮಾರ್ಟಳ್ಳಿಗೆ ಹತ್ತಿರದ ಸುಳವಾಡಿಯಲ್ಲಿ, 2018ರ ಡಿಸೆಂಬರ್ 14ರಂದು, ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆತು 17 ಮಂದಿ ಸತ್ತರು. ಆ ಘಟನೆ ಇಡೀ ಸೀಮೆಯನ್ನು ಅಷ್ಟು ಕಲಕಿದ್ದಕ್ಕೆ ಸಾವಿನ ಲೆಕ್ಕ ಒಂದೇ ಕಾರಣವಲ್ಲ. ಯಾರೂ ಮೂಸಿ ನೋಡದೆ ಕೈಯೊಡ್ಡುವ ಅನ್ನ ಅದು. ಇನ್ನೊಂದು ಕಡೆಯಿಂದ, ಕೊಡುವ ಕೈಯನ್ನು ಕಾನೂನೂ ಅನುಮಾನಿಸಿದೆ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಉಡುಗೊರೆ, ಉಚಿತ ಶಿಕ್ಷಣಗಳನ್ನೂ ಆಮಿಷದ ವ್ಯಾಖ್ಯೆಯೊಳಗೆ ತಂದಿತು. ಆ ಕಾಯ್ದೆ ನನಗೆ ಒಪ್ಪಿಗೆಯಿಲ್ಲ. ಆದರೆ ಅದನ್ನು ಬರೆದವರಿಗೆ ಕ್ರೈಸ್ತರೆಂದರೆ ಕೊಡುವವರು ಮಾತ್ರ ಎಂದು ಕಂಡದ್ದೇಕೆ ಎಂಬ ಪ್ರಶ್ನೆ ನಮಗೂ ಸೇರಿದ್ದು. ನೆರೆಯವರಿಂದ ಬೀಜದ ರಾಗಿ, ಬಾಣಂತನಕ್ಕೆ ಹರಳೆಣ್ಣೆ, ಹಬ್ಬಕ್ಕೆ ಹೋಳಿಗೆ ಪಡೆಯುತ್ತಲೇ ಬಂದಿದ್ದೇವೆ. ಅದನ್ನು ನಂಬಿಕೆಯ ಲೆಕ್ಕಕ್ಕೆ ಬರೆದುಕೊಂಡಿಲ್ಲ, ಅಷ್ಟೆ.

ತಾಳೆ ಆ ಕಡೆಯಿಂದಲೂ ಬೀಳಬೇಕು, ನಿಜ. ಕ್ರಿಸ್ಮಸ್ಸಿಗೆ ನಾವು ಹಂಚುವ ಕೊಳ್ಳೇಗಾಲದ ಬೇಕರಿ ಕೇಕನ್ನು ಎಲ್ಲ ಜಾತಿಯವರೂ ನಗುನಗುತ್ತಾ ತಿನ್ನುತ್ತಾರೆ. ಬೇಕರಿಯ ತಿನಿಸಿಗೆ ಜಾತಿಯಿಲ್ಲ. ಅದೇ ಮನೆಯೊಲೆಯ ಅನ್ನವೆಂದರೆ ಕೆಲವರಿಗೆ ತಟ್ಟನೆ ಹೊಟ್ಟೆ ತುಂಬಿಬಿಡುತ್ತದೆ. ಆಗ ಬೇಸರಪಡುವ ನಾವು ನಮ್ಮ ಹಬ್ಬಗಳನ್ನೂ ನೋಡಿಕೊಳ್ಳಬೇಕು: ಪೂಜೆ ಮುಗಿಸಿದ ಗುರುಗಳು ಊಟಕ್ಕೆ ಹೋಗುವ ಮನೆ ಯಾವುದು, ಯಾವ ಬೀದಿಯ ಮನೆಗಳಿಗೆ ಬರೀ ಆಶೀರ್ವಾದ ಹೋಗುತ್ತದೆ, ಊಟಕ್ಕೆ ಯಾರೂ ಕೂರುವುದಿಲ್ಲ.

ಕೊಟ್ಟದ್ದನ್ನೆಲ್ಲ ಬಾಯಿಮುಚ್ಚಿ ಉಣ್ಣಬೇಕೆಂದು ನನ್ನ ವಾದವಲ್ಲ. ಮದುವೆ ಮನೆಯಲ್ಲಿ ಎರಡು ಸಾಲು ಹಾಕಿದ್ದಾರೆ, ಒಂದು ಚಪ್ಪರದೊಳಗೆ, ಒಂದು ಹೊರಗೆ; ನಮ್ಮನ್ನು ಉಪಚಾರದಿಂದ ಒಳಗೆ ಕರೆಯುತ್ತಾರೆ. ಲಾಡು ಬೇಡವೆನ್ನಲು ಕಲಿತ ನಾಲಿಗೆ ಬೇಡವೆನ್ನಬೇಕಾದ್ದು ಅಲ್ಲಿ. ಆದರೆ ಅಂಥ ಊಟಕ್ಕೆ ಹೋಗಬೇಡಿ ಎಂದು ಯಾವ ಸಭೆಯೂ ಕಟ್ಟಪ್ಪಣೆ ಮಾಡಿದ್ದನ್ನು ನಾನು ಕೇಳಿಲ್ಲ.