ಕಾಯಕವೂ ತಪಾಸಣೆಯೂ

ಕಾಯಕದಿಂದಲೇ ಕಾಯಕ್ಕೆ ಕೇಡೊದಗಿದರೆ ಅದರ ಹೊಣೆ ಯಾರದು? ಬ್ಯಾಟರಿ ತಯಾರಿಕೆಯ ವಿಷಯದಲ್ಲಿ ಈ ಪ್ರಶ್ನೆಯನ್ನೆತ್ತಿದರೆ, 'ತಪಾಸಣೆಗೆ ಅಧಿಕಾರಿಗಳಿದ್ದಾರಲ್ಲ' ಎಂಬ ಉತ್ತರವು ಒಡನೆಯೇ ಬರುತ್ತದೆ. ಅದು ಮನಸ್ಸಿಗೆ ಸಮಾಧಾನ ತರುವ ಉತ್ತರವೇ ಹೊರತು ಧರ್ಮದ ಉತ್ತರವಲ್ಲ.

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಓಡಾಡುವ ಕಾರು, ಬಸ್ಸುಗಳ ಒಳಗೂ, ವಿದ್ಯುತ್ತು ಹೋದಾಗ ನಮ್ಮ ಮನೆಗಳನ್ನು ಬೆಳಗುವ ಇನ್ವರ್ಟರುಗಳ ಬದಿಯಲ್ಲಿಯೂ ಹೆಚ್ಚಾಗಿ ಇರುವುದು ಸೀಸದ ಬ್ಯಾಟರಿ. ಸೀಸವನ್ನು ಕರಗಿಸಿ ಜಾಲರಿಯಂತಹ ಫಲಕಗಳನ್ನು ಎರೆಯುತ್ತಾರೆ. ಸೀಸದ ಆಕ್ಸೈಡಿನ ಹುಡಿಯನ್ನು ಕಲಸಿ ಅವಕ್ಕೆ ಮೆತ್ತುತ್ತಾರೆ. ಆ ಹುಡಿಯೇ ಕೇಡಿನ ಮೂಲ. ಅದು ಉಸಿರಿನೊಡನೆ ಒಳಹೋಗುತ್ತದೆ. ತೊಳೆಯದ ಕೈಯಿಂದ ತುತ್ತಿನೊಡನೆ ಹೊಟ್ಟೆ ಸೇರುತ್ತದೆ. ಉಟ್ಟ ಬಟ್ಟೆಗೆ ಅಂಟಿಕೊಂಡು ಮನೆಯ ಕೂಸಿನ ಬಳಿಗೂ ಬರುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಮೊದಲಾದವು ಹಲವು ಕಾರಣಗಳಿಂದ ಬರುವ ಬೇನೆಗಳಾದುದರಿಂದ ಕೆಲಸಗಾರನಿಗೆ ಸಂಶಯವೇ ಹುಟ್ಟುವುದಿಲ್ಲ. ಮೂಳೆಯನ್ನು ಸೇರಿದ ಸೀಸವಾದರೋ ದಶಕಗಳವರೆಗೆ ಅಲ್ಲಿಯೇ ಉಳಿಯುತ್ತದೆ.

ಇದು ಅರಿಯದ ಸಂಗತಿಯೇನೂ ಅಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಸೀಸದ ವಿಷವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. 1999ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಈ ವಿಷದ ತಡೆ ಮತ್ತು ಚಿಕಿತ್ಸೆಯನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು.

ಹೀಗಿದ್ದೂ ತಪಾಸಣೆಯ ಮುನ್ನಾದಿನ ನೆಲವನ್ನು ತೊಳೆಸಿ, ಕೆಟ್ಟು ನಿಂತಿದ್ದ ಹೀರುಗಾಳಿಯ ಯಂತ್ರವನ್ನು ನಡೆಯಿಸಿ, ಮರುದಿನ ಅದನ್ನು ನಿಲ್ಲಿಸುವ ಯಜಮಾನನು ಯಾರನ್ನು ವಂಚಿಸಿದಂತಾಯಿತು? ಅಧಿಕಾರಿಯು ವರದಿ ಬರೆದು ಹೊರಟುಹೋಗುತ್ತಾನೆ. ವರ್ಷದ ಉಳಿದ ದಿನಗಳ ಲೆಕ್ಕವು ಕೆಲಸಗಾರನ ರಕ್ತದಲ್ಲಿ ಬರೆಯಲ್ಪಡುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದ ಅನ್ಯಾಯವೊಂದುಂಟು: ರಕ್ತದಲ್ಲಿ ಸೀಸ ಹೆಚ್ಚಿದವನನ್ನು ಬರಿಗೈಯಲ್ಲಿ ಮನೆಗೆ ಕಳುಹಿಸಿ ಹೊಸಬನನ್ನು ತಂದು ನಿಲ್ಲಿಸುವುದು. ಕಡತವೇನೋ ಶುದ್ಧವಾಗಿ ಕಾಣುತ್ತದೆ! ಆದರೆ ಹೀಗಾದಲ್ಲಿ ಪರೀಕ್ಷೆಯೆಂದರೆ ಕೆಲಸಗಾರನೇ ಹೆದರಿ ಅಡಗುವಂತಾಗುತ್ತದೆ. ಅಮೆರಿಕಾದಲ್ಲಿ 1978ರ ಸೀಸದ ನಿಯಮವು ಇದನ್ನು ಮನಗಂಡು, ಅಂತಹವನನ್ನು ಸೀಸದಿಂದ ದೂರವಿರಿಸಿ 18 ತಿಂಗಳವರೆಗೆ ಅವನ ಸಂಪಾದನೆಗೆ ಕುಂದು ಬಾರದಂತೆ ನೋಡಿಕೊಳ್ಳಬೇಕೆಂದು ವಿಧಿಸಿತು. ಸಂಬಳ ನಿಲ್ಲದೆಂದು ತಿಳಿದವನು ಕೈಯನ್ನು ಧೈರ್ಯವಾಗಿ ಸೂಜಿಗೆ ಒಡ್ಡುತ್ತಾನೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ನಾವೆಲ್ಲ ಬಲ್ಲೆವು. ಅಲ್ಲಿ ತಪಾಸಣೆಗೆ ಬಂದ ಅಧಿಕಾರಿ ಯಾರೂ ಇರಲಿಲ್ಲ. ಕೆಟ್ಟ ಯಂತ್ರವನ್ನು ಸರಿಪಡಿಸದೆ ಉಳಿಸಿದ ಹಣವು ಇಂತಹ ಹೆಚ್ಚಿನ ಅಕ್ಕಿಯಲ್ಲದೆ ಮತ್ತೇನು?

ಗೃಹಸ್ಥರ ಪಾಲೂ ಇದರಲ್ಲಿದೆ. ಹಳೆಯ ಬ್ಯಾಟರಿಯನ್ನು ನಾಲ್ಕು ಕಾಸು ಹೆಚ್ಚು ಕೊಡುವ ಗುಜರಿಯವನಿಗೆ ಹಾಕಿದರೆ, ಅದು ಯಾವುದೋ ಶೆಡ್ಡಿನಲ್ಲಿ ಒಡೆದು ಕರಗಬಹುದು. ವಿದ್ಯುತ್ ಬಳಸಿಯೂ 10 ಜನರಿಗಿಂತ ಕಡಿಮೆ ದುಡಿಯುವ ಜಾಗವು 1948ರ ಕಾಯಿದೆಯ ಕಣ್ಣಿಗೆ ಸಾಮಾನ್ಯವಾಗಿ ಕಾರ್ಖಾನೆಯೇ ಆಗಿರಲಿಲ್ಲ. 2022ರ ಬ್ಯಾಟರಿ ತ್ಯಾಜ್ಯದ ನಿಯಮಗಳು ಹಳೆಯದನ್ನು ಸಂಗ್ರಹಿಸುವ ಇಲ್ಲವೆ ಮರುಬಳಕೆಗೆ ಒಳಪಡಿಸುವ ಸಂಸ್ಥೆಗಳಿಗೇ ಒಪ್ಪಿಸುವ ಹೊಣೆಯನ್ನು ಬಳಸಿದವನ ಮೇಲೆಯೂ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು, ಅದು ಎಲ್ಲಿಗೆ ಹೋಗುವುದೆಂದು ಕೇಳಬಹುದು.