ಮಾತ್ರೆ ತಗೊಂಡ್ರೆ ನಂಬಿಕೆ ಕಡಿಮೆಯಾ?

(ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ಪಕ್ಕದಲ್ಲಿ ಕೂತಿರೋರಿಗೆ ಒಂದು ಸಲ ಹೇಳಿ, "ನೀನು ಇವತ್ತು ಬಂದದ್ದು ಒಳ್ಳೇದಾಯ್ತು" ಅಂತ. ಹೇಳಿದ್ರಾ? ಆಮೆನ್.

ಸತ್ಯವೇದದಲ್ಲಿ 1 ಅರಸುಗಳು 19ನೇ ಅಧ್ಯಾಯ ತೆರೆಯೋಣ. ಫೋನಲ್ಲಿ ಓದೋರು ಓದಿ, ಆದ್ರೆ ವಾಟ್ಸಾಪ್ ಮುಚ್ಚಿಬಿಡಿ.

ಹಿಂದಿನ ಅಧ್ಯಾಯದಲ್ಲಿ ಏನಾಗಿತ್ತು? ಕರ್ಮೆಲ್ ಬೆಟ್ಟ. ಬಾಳನ 450 ಪ್ರವಾದಿಗಳ ಎದುರಿಗೆ ಎಲೀಯ ಒಬ್ಬನೇ ನಿಂತ. ಆಕಾಶದಿಂದ ಬೆಂಕಿ ಇಳೀತು, ಮಳೆ ಬಂತು. ಅಷ್ಟು ದೊಡ್ಡ ಅಭಿಷೇಕ ಇದ್ದ ಮನುಷ್ಯ, ಈಜೆಬೆಲಳಿಂದ ಒಂದು ಮೆಸೇಜ್ ಬಂದಿದ್ದೇ ತಡ, ಅರಣ್ಯಕ್ಕೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡಿಕೊಳ್ತಾನೆ. ಹೊಸ ವಿಶ್ವಾಸಿ ಅಲ್ಲ ರೀ, ಪ್ರವಾದಿ!

ಆಗ ದೇವರು ಏನು ಮಾಡಿದ್ರು? ಬೈದ್ರಾ? ನಿನ್ನ ನಂಬಿಕೆ ಎಲ್ಲಿ ಹೋಯ್ತು ಅಂದ್ರಾ? ಇಲ್ಲ. ದೂತನನ್ನು ಕಳಿಸಿದ್ರು. ಆ ದೂತನ ಕೈಯಲ್ಲಿ ಇದ್ದದ್ದು ಪ್ರಸಂಗ ಅಲ್ಲ, ರೊಟ್ಟಿ, ಒಂದು ಹೂಜಿ ನೀರು. ತಿಂದ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ್ರು. ಹೋರೇಬ್ ಬೆಟ್ಟದಲ್ಲಿ ದೇವರು ಅವನ ಹತ್ರ ಮಾತಾಡಿದ್ದು ಅದಾದ ಮೇಲೆ, ನಲವತ್ತು ದಿನ ನಡೆದ ಮೇಲೆ. ಮೊದಲು ಶರೀರ. ಈ ಕ್ರಮ ನೋಡಿ.

ಈಗ ಯಾಕೆ ಇದನ್ನ ಹೇಳ್ತಿದ್ದೀನಿ ಅಂದ್ರೆ, ಹೋದ ರಿಟ್ರೀಟ್ ಆದ ಮೇಲೆ ನಿಮ್ಮಲ್ಲೇ ಮೂವರು ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದ್ರು. "ಪಾಸ್ಟರ್, ಡಾಕ್ಟರ್ ಎಸಿಟಲೋಪ್ರಾಮ್ ಬರೆದಿದ್ದಾರೆ. ತಗೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತಾ?" ಅದರಲ್ಲಿ ಒಬ್ಬ ತಂಗಿ, ಅವಳ ಅನುಮತಿ ಕೇಳಿಯೇ ಹೇಳ್ತಿದ್ದೀನಿ, ಮೂರು ತಿಂಗಳು ಮಾತ್ರೆ ತಗೊಂಡು ಚೆನ್ನಾಗಿದ್ದಳು. ಆಮೇಲೆ ಒಂದು ಉಪವಾಸ ಪ್ರಾರ್ಥನೆಗೆ ಹೋದಳು, ನಂಬಿಕೆಯಿಂದ ಸ್ಟ್ರಿಪ್ಪನ್ನೇ ಡಸ್ಟ್‌ಬಿನ್‌ಗೆ ಹಾಕಿದಳು. ಮೂರು ದಿನಕ್ಕೆ ತಲೆಸುತ್ತು, ವಾಂತಿ ಬಂದಂಗೆ, ತಲೆಯೊಳಗೆ ಕರೆಂಟ್ ಹೊಡೆದಂಗೆ, ಕಾರಣ ಇಲ್ಲದೆ ಅಳು. ಯಾರೋ ಅದಕ್ಕೆ ಸೈತಾನನ ಹೋರಾಟ ಅಂತ ಹೆಸರಿಟ್ಟರು. ಎರಡು ರಾತ್ರಿ ಅವಳ ಮೇಲೆ ಕೈಯಿಟ್ಟು ಗದರಿಸಿದರು.

ಪ್ರಿಯರೇ, ಅದು ಸೈತಾನ ಅಲ್ಲ. ಈ ಜಾತಿಯ ಮಾತ್ರೆ ಥಟ್ ಅಂತ ನಿಲ್ಲಿಸಿದರೆ ಶರೀರ ಹಾಗೆ ಆಡುತ್ತೆ. ಡಾಕ್ಟರ ಹತ್ತಿರ ವಾಪಸ್ ಹೋದಳು, ಮಾತ್ರೆ ಮತ್ತೆ ಶುರುವಾಯ್ತು, ಕೆಲವೇ ದಿನದಲ್ಲಿ ಸುಧಾರಿಸಿದಳು. ಆ ಎರಡು ರಾತ್ರಿಗಳಲ್ಲಿ ಅವಳು ತನ್ನ ಬಗ್ಗೆ ಏನು ಅಂದುಕೊಂಡಿರಬಹುದು, ಯೋಚನೆ ಮಾಡಿ. ನನ್ನೊಳಗೆ ದೆವ್ವ ಇದೆ ಅಂತ! ದೇವರ ಮಗಳು ಹಾಗೆ ಅಂದುಕೊಳ್ಳಬೇಕಾ?

ನಾವು ದೈವಿಕ ಸ್ವಸ್ಥತೆಯನ್ನು ನಂಬುವ ಸಭೆ. ಇವತ್ತೂ ನಂಬ್ತೀವಿ, ಇವತ್ತೂ ಎಣ್ಣೆ ಹಚ್ಚಿ ಪ್ರಾರ್ಥಿಸ್ತೀವಿ. ಆದ್ರೆ ಯೆಶಾಯ 38 ಓದಿ. ಹಿಜ್ಕೀಯನಿಗೆ ಇನ್ನೂ 15 ವರ್ಷ ಆಯುಷ್ಯ ಕೊಡ್ತೀನಿ ಅಂತ ದೇವರು ವಾಗ್ದಾನ ಮಾಡಿಯಾಯ್ತು. ಆದರೂ ಅಂಜೂರದ ಉಂಡೆಯನ್ನು ಹುಣ್ಣಿಗೆ ಕಟ್ಟಿ ಅಂತ ಯೆಶಾಯ ಹೇಳ್ತಾನೆ. ವಾಗ್ದಾನ ಕೊಟ್ಟವರೇ ಔಷಧಿಯನ್ನೂ ಕೊಟ್ಟರು. ಕೆಲವರು ತಕ್ಷಣ ಅರಸನಾದ ಆಸನನ್ನು ಎಳೆದುತರ್ತಾರೆ, 2 ಪೂರ್ವಕಾಲವೃತ್ತಾಂತ 16, ವೈದ್ಯರ ಹತ್ತಿರ ಹೋದ ಅಂತ. ಪೂರ್ತಿ ಓದಿ ಸ್ವಾಮಿ. ಅವನ ತಪ್ಪು ಕರ್ತನನ್ನು ಹುಡುಕದೇ ಹೋದದ್ದು. ಪೌಲನ ಜೊತೆ ಪ್ರಯಾಣ ಮಾಡಿದ ಲೂಕ ಯಾರು? ವೈದ್ಯ. ಶುಗರ್‌ಗೆ ಇನ್ಸುಲಿನ್ ತಗೊಳ್ಳೋ ಹಿರಿಯರನ್ನು ನಾವು ಪ್ರಶ್ನೆ ಮಾಡಲ್ಲ, ಇಪ್ಪತ್ತೆರಡು ವರ್ಷದ ಹುಡುಗನ ಮಾತ್ರೆಯನ್ನು ಮಾತ್ರ ಪ್ರಶ್ನೆ ಮಾಡ್ತೀವಿ. ಇದು ನನಗೆ ಅನ್ಯಾಯವಾಗಿ ಕಾಣುತ್ತೆ.

ಚಾರ್ಲ್ಸ್ ಸ್ಪರ್ಜನ್ ಹೆಸರು ಕೇಳಿದ್ದೀರಿ. 1856ರಲ್ಲಿ ಲಂಡನ್ನಿನ ಸರ್ರೆ ಗಾರ್ಡನ್ಸ್ ಹಾಲಿನಲ್ಲಿ ಅವರ ಕೂಟದಲ್ಲಿ ಯಾರೋ ಬೆಂಕಿ ಅಂತ ಕೂಗಿ, ಕಾಲ್ತುಳಿತದಲ್ಲಿ 7 ಜನ ಸತ್ತರು. ಆಗ ಅವರಿಗೆ 22 ವರ್ಷ. ಮನಸ್ಸಿನ ಕತ್ತಲೆ ಆಮೇಲೆ ಜೀವನವಿಡೀ ಮತ್ತೆ ಮತ್ತೆ ಬಂತು, ಅದನ್ನ ಅವರು ಪುಲ್ಪಿಟ್‌ನಲ್ಲೇ ಹೇಳಿಕೊಂಡರು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 2015-16ರಲ್ಲಿ ರಾಷ್ಟ್ರೀಯ ಸಮೀಕ್ಷೆ ಮಾಡಿದರು. ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಗ್ತಿಲ್ಲ. ಕಾಯಿಲೆಗೆ ತಕ್ಕಂತೆ 100ರಲ್ಲಿ 70ರಿಂದ 92 ಜನ ಹಾಗೇ ಉಳಿದಿದ್ದಾರೆ.

ಸರಿ, ಈಗ ಮಾತ್ರೆಯ ವಿಷಯಕ್ಕೆ ಬರೋಣ. ನಾನು ಡಾಕ್ಟರ್ ಅಲ್ಲ, ನಿಮಗೆ ಯಾವ ಮಾತ್ರೆ, ಎಷ್ಟು ಅಂತ ಪಾಸ್ಟರ್ ಹೇಳಬಾರದು. ಆದ್ರೆ ಗೊತ್ತಿರಬೇಕಾದ್ದು ಕೆಲವು ಇವೆ.

ಎಸಿಟಲೋಪ್ರಾಮ್, ಸೆರ್ಟ್ರಲೀನ್, ಫ್ಲುಯೊಕ್ಸೆಟಿನ್, ಇವಕ್ಕೆಲ್ಲ ಎಸ್‌ಎಸ್‌ಆರ್‌ಐ ಅಂತಾರೆ. ಮಿದುಳಿನ ನರಕೋಶಗಳ ಮಧ್ಯೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯೋ ಹಾಗೆ ಮಾಡ್ತವೆ. ಸೆರೊಟೋನಿನ್ ಕಡಿಮೆ ಆಯ್ತು, ಅದಕ್ಕೇ ಖಿನ್ನತೆ ಬಂತು ಅನ್ನೋ ಸುಲಭದ ಲೆಕ್ಕ ಪೂರ್ತಿ ಸರಿಯಲ್ಲ. ಆದ್ರೆ ಮಾತ್ರೆ ಬಹಳ ಜನರಿಗೆ ಸಹಾಯ ಮಾಡುತ್ತೆ, ಕೌನ್ಸೆಲಿಂಗ್ ಜೊತೆ ಸೇರಿದರೆ ಇನ್ನೂ ಚೆನ್ನಾಗಿ.

ಇವತ್ತು ನುಂಗಿ ನಾಳೆ ಸಂತೋಷ ಬರಲ್ಲ. ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗೊತ್ತಾಗೋಕೆ ಆರರಿಂದ ಎಂಟು ವಾರ. ಕಷ್ಟ ಏನಂದ್ರೆ ತೊಂದರೆಗಳು ಮೊದಲು ಬರ್ತವೆ, ಗುಣ ಆಮೇಲೆ. ಹೊಟ್ಟೆ ತೊಳಸೋದು, ತಲೆನೋವು, ನಿದ್ದೆ ಏರುಪೇರು. ಕೆಲವರಿಗೆ ಮೊದಲ ವಾರ ಆತಂಕವೇ ಜಾಸ್ತಿ ಆಗುತ್ತೆ. ಅದಕ್ಕೇ ಡಾಕ್ಟರು ಸಣ್ಣ ಡೋಸ್‌ನಿಂದ ಶುರು ಮಾಡ್ತಾರೆ. ದಾಂಪತ್ಯದ ವಿಷಯದಲ್ಲೂ ಆಸಕ್ತಿ ಕಡಿಮೆ ಆಗಬಹುದು. ನಾಚಿಕೊಂಡು ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ, ದಾರಿ ಇದೆ.

ಇಲ್ಲಿ ಕೂತಿರೋ ಅನೇಕರು 25ರ ಒಳಗಿನವರು, ಅದಕ್ಕೆ ಇದನ್ನ ನಿಧಾನವಾಗಿ ಹೇಳ್ತೀನಿ. ಮೊದಲ ಕೆಲವು ವಾರ, ಡೋಸ್ ಬದಲಾದಾಗ ಕೂಡ, ಈ ವಯಸ್ಸಿನ ಕೆಲವರಿಗೆ ಸಾಯುವ ಯೋಚನೆ ಹೆಚ್ಚಾಗಬಹುದು. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಮಕ್ಕಳ ಬಗ್ಗೆ, 2007ರಲ್ಲಿ 24 ವರ್ಷದವರೆಗಿನ ಯುವಕರ ಬಗ್ಗೆ ಈ ಎಚ್ಚರಿಕೆಯನ್ನು ಹಾಕಿಸಿದರು. ಇದನ್ನ ಕೇಳಿ ಮಾತ್ರೆ ಬೇಡ ಅನ್ನಬೇಡಿ. ಚಿಕಿತ್ಸೆ ಇಲ್ಲದ ಖಿನ್ನತೆಯೂ ಜೀವ ತೆಗೆಯುತ್ತೆ. ಆ ವಾರಗಳಲ್ಲಿ ಒಬ್ಬರೇ ಪಿಜಿ ರೂಮಲ್ಲಿ ಇರಬೇಡಿ. ಮನೆಯವರಿಗೋ ಫ್ರೆಂಡ್‌ಗೋ ಹೇಳಿರಿ, ದಿನಾ ಒಂದು ಸಲ ಕೇಳೋದಕ್ಕೆ. ಅಂಥ ಯೋಚನೆ ಬಂದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆ. ರಾತ್ರಿ ಎರಡು ಗಂಟೆಯಾದರೂ 14416 ಒತ್ತಿ, ಅದು ಟೆಲಿ-ಮನಸ್, ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ನಿದ್ದೆಯೇ ಬೇಡ, ಮೈತುಂಬ ಶಕ್ತಿ, ಮಾತು ನಿಲ್ಲಲ್ಲ, ಕೈಯಲ್ಲಿರೋ ದುಡ್ಡೆಲ್ಲ ಖರ್ಚು. ಹೀಗೆ ಆದ್ರೆ ಅದನ್ನ ಆತ್ಮನ ಬೆಂಕಿ ಅಂದುಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಮನೆಯಲ್ಲಿ ಯಾರಿಗಾದ್ರೂ ಬೈಪೋಲಾರ್ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ.

ಮೆಡಿಕಲ್ ಶಾಪಲ್ಲಿ ಏನು ಕೊಂಡರೂ ಈ ಮಾತ್ರೆಯ ಹೆಸರು ಹೇಳಿ ಕೇಳಿ. ಟ್ರಮಡಾಲ್ ಅನ್ನೋ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫಾನ್ ಇರೋ ಕೆಮ್ಮಿನ ಸಿರಪ್, ಇವು ಸೇರಿದರೆ ಸೆರೊಟೋನಿನ್ ಅತಿಯಾಗಬಹುದು. ಜ್ವರ, ನಡುಕ, ಬೆವರು, ಮೈ ಬಿಗಿಯೋದು, ಗೊಂದಲ ಕಂಡರೆ ಅದು ತುರ್ತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ್ದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಕುಡಿತ ಬೇಡ, ಅದನ್ನ ನಾನು ಬೇರೆ ಕಾರಣಕ್ಕೂ ಹೇಳ್ತೀನಿ! ಇನ್ನೊಂದು, ಸ್ಟ್ರಿಪ್ಪಿನ ಹಿಂದೆ ಓದಿ. ನಮ್ಮಲ್ಲಿ ಎಸಿಟಲೋಪ್ರಾಮ್ ಜೊತೆ ಕ್ಲೊನಜೆಪಾಮ್ ಸೇರಿಸಿದ ಮಾತ್ರೆಗಳು ಬಹಳ ಇವೆ. ಕ್ಲೊನಜೆಪಾಮ್ ಅಭ್ಯಾಸವಾಗಿಬಿಡುತ್ತೆ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ಫ್ರೆಂಡ್‌ಗೆ ಬರೆದ ಚೀಟಿ ತೋರಿಸಿ ಕೊಳ್ಳಬೇಡಿ.

ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ. ಗರ್ಭಿಣಿಯಾದರೆ ಅಥವಾ ಆಗಬೇಕು ಅಂತಿದ್ದರೆ, ಅತ್ತೆ ಹೇಳಿದರು ಅಂತ ನಿಲ್ಲಿಸಬೇಡಿ, ಡಾಕ್ಟರ ಹತ್ರ ಮಾತಾಡಿ. ಚೆನ್ನಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸ್ತಾರೆ, ಯಾಕಂದ್ರೆ ಬೇಗ ಬಿಟ್ಟರೆ ತಿರುಗಿ ಬರೋ ಸಾಧ್ಯತೆ ಜಾಸ್ತಿ. ನಿಲ್ಲಿಸೋದು ಸ್ವಲ್ಪ ಸ್ವಲ್ಪವಾಗಿ, ಅವರು ಹೇಳಿದಂಗೆ.

ಮುಂದಿನ ತಿಂಗಳು ನಮ್ಮ 21 ದಿನದ ಉಪವಾಸ ಶುರುವಾಗುತ್ತೆ. ಮಾತ್ರೆ ತಗೊಳ್ಳೋರು ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಸೇರಿ. ಒಂದು ಹೊತ್ತು ಊಟ ಮಾಡಿ ಸೇರಬಹುದು, ಫೋನ್ ಬಿಟ್ಟು ಉಪವಾಸ ಇರಬಹುದು. ಮಾತ್ರೆ ಮಾತ್ರ ಉಪವಾಸದಲ್ಲಿ ಬಿಡೋ ವಸ್ತು ಅಲ್ಲ. ಸಾಕ್ಷಿ ಹೇಳುವಾಗ ಯಾರೂ "ನಾನು ಮಾತ್ರೆ ಎಸೆದೆ" ಅಂತ ಮೈಕಲ್ಲಿ ಹೇಳಬಾರದು ಅಂತ ಹಿರಿಯರ ಹತ್ರ ಮಾತಾಡಿದ್ದೀನಿ. ಡಾಕ್ಟರು ಪರೀಕ್ಷೆ ಮಾಡಿ ನಿಲ್ಲಿಸಿದರೆ ಬನ್ನಿ, ಎಲ್ಲರೂ ಸೇರಿ ಕರ್ತನಿಗೆ ಸ್ತೋತ್ರ ಹೇಳೋಣ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ಗಿಡದ ಕೆಳಗೆ ಕೂತಿರುವ ನಿನ್ನ ಮಕ್ಕಳು ಈ ಹಾಲಿನಲ್ಲಿದ್ದಾರೆ, ಹೆಸರು ನಿನಗೆ ಗೊತ್ತು. ಯಾರಿಗೂ ಹೇಳದೆ ಬ್ಯಾಗಿನಲ್ಲಿ ಮಾತ್ರೆ ಇಟ್ಟುಕೊಂಡು ಬಂದವರನ್ನು ಆದರಿಸು. ನಿನ್ನ ಗಾಯದ ಕೈ ಅವರ ಮೇಲಿಡು. ಅವರ ಡಾಕ್ಟರಿಗೆ ಜ್ಞಾನ ಕೊಡು, ಅಪ್ಪ ಅಮ್ಮನಿಗೆ ತಾಳ್ಮೆ ಕೊಡು, ನಮ್ಮ ಬಾಯಿಗೆ ಕಾವಲಿಡು. ಇವತ್ತು ರಾತ್ರಿ ಅವರಿಗೆ ನಿದ್ದೆ ಕೊಡು ಕರ್ತನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.