ಮಿಂಚುಹುಳದ ಕತ್ತಲು ಯಾರದು?

ಮೇ ಕೊನೆಯಿಂದ ಮಳೆ ಹಿಡಿಯುವವರೆಗೆ ಸಹ್ಯಾದ್ರಿಯಲ್ಲಿ ಮಿಂಚುಹುಳಗಳ ಕಾಲ. ಶನಿವಾರ ಸಂಜೆಯಾದರೆ ಪುಣೆ, ಮುಂಬಯಿಯ ಕಾರುಗಳು ರಾಜಮಾಚಿ, ಭಂಡಾರದರಾ ಕಡೆ ಹೊರಡುತ್ತವೆ. ಆಫೀಸಿನ ಗೆಳೆಯರೊಡನೆ ನಮ್ಮಲ್ಲೂ ಅನೇಕರು ಟೆಂಟು ಹೊತ್ತು ಹೋಗುತ್ತೇವೆ. ಕಸವನ್ನೆಲ್ಲ ಚೀಲದಲ್ಲಿ ತುಂಬಿ ವಾಪಸ್ಸು ತಂದರೆ ಕಾಡಿನ ಋಣ ತೀರಿತು ಎಂದುಕೊಳ್ಳುತ್ತೇವೆ. ತೀರಿತೇ?

ಆ ಹುಳಕ್ಕೆ ಬೆಳಕೆಂದರೆ ಮಾತು. ಗಂಡು ಹೆಣ್ಣು ಒಂದನ್ನೊಂದು ಹುಡುಕುವುದು ಮಿನುಗಿನಿಂದಲೇ. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಕೆಲವೇ ವಾರ. ಟಾರ್ಚು, ಕಾರಿನ ಹೆಡ್‌ಲೈಟು, ಮೊಬೈಲಿನ ಫ್ಲಾಶು ಆ ಮಾತನ್ನು ಮುಳುಗಿಸಿಬಿಡುತ್ತವೆ. ಮರಿಹುಳ ಬೆಳೆಯುವುದು ತೇವದ ಮಣ್ಣಿನಲ್ಲಿ, ತರಗೆಲೆಯಡಿ. ನಾವು ಟೆಂಟು ಹಾಕುವುದೂ ಅಲ್ಲೇ. ಬೆಂಕಿಗೆಂದು ಆರಿಸಿ ತರುವ ಒಣಕೊಂಬೆಯೂ ಯಾವುದೋ ಜೀವದ ಮನೆ. ಈ ಹಾನಿಯನ್ನು ಚೀಲದಲ್ಲಿ ತುಂಬಿ ತರಲಾಗುವುದಿಲ್ಲ.

‘ನನ್ನೊಬ್ಬನಿಂದ ಏನಾದೀತು?’ ಎನ್ನುವುದು ಸುಳ್ಳಲ್ಲ. ಒಂದು ಟೆಂಟಿನಡಿಯ ಹುಲ್ಲು ಮತ್ತೆ ಚಿಗುರುತ್ತದೆ. ಐವತ್ತು ಟೆಂಟುಗಳಿಂದ ಬಯಲು ಬೋಳಾದಾಗ ಐವತ್ತು ಜನರೂ ಇದೇ ಮಾತು ಹೇಳಬಲ್ಲರು. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು: ಬಂದವರೆಲ್ಲ ನನ್ನಂತೆಯೇ ನಡೆದುಕೊಂಡರೆ ಈ ಜಾಗ ತಾಳಿಕೊಂಡೀತೇ? ಹೀಗೆ ಕೇಳಿಕೊಂಡರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಮೊದಲೇ ಸವೆದ ಜಾಗದಲ್ಲೇ ಟೆಂಟು, ಬೆಂಕಿಯ ಬದಲು ಸಣ್ಣ ಸ್ಟವ್, ಶೌಚಕ್ಕೆ ನೀರಿನಿಂದ 60 ಮೀಟರ್ ಆಚೆ 15–20 ಸೆಂ.ಮೀ. ಆಳದ ಗುಂಡಿ. ಕೆಲವು ಜಾಗಗಳಿಗೆ, ಕೆಲವು ವಾರಗಳಿಗೆ ಬರುವ ಉತ್ತರ ಒಂದೇ: ಇಲ್ಲಿ ಟೆಂಟು ಬೇಡ.

ಹಾಗಾದರೆ ಅಲ್ಲಿನ ಹಳ್ಳಿಯವರ ಗತಿ? ಬರುವವರ ಊಟ, ವಸತಿಯಿಂದ ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಳ್ಳಿಯ ಮನೆಯಲ್ಲಿ ಉಂಡು, ಜಗಲಿಯಲ್ಲಿ ಮಲಗಿ, ಕಾಲುದಾರಿ ಬಿಡದೆ ದೀಪವಿಲ್ಲದೆ ನಿಂತು ನೋಡಬಹುದಲ್ಲ. ಮನೆಯವರಿಗೆ ಸಂಪಾದನೆ, ಹುಳಕ್ಕೆ ಕತ್ತಲು, ಎರಡೂ ಉಳಿಯುತ್ತವೆ. ನಾವು ಬಿಡಬೇಕಾದ್ದು ಕಾಡಿನ ನಡುವೆಯೇ ಮಲಗಬೇಕೆಂಬ ಹಠವೊಂದನ್ನು.

ಕೊಡಗಿನ ದೇವರಕಾಡು, ಇಲ್ಲಿನ ಮರಾಠಿಗರ ದೇವರಾಯಿ, ಎರಡರ ಹಿಂದಿನ ತಿಳಿವಳಿಕೆಯೂ ಒಂದೇ: ಇದು ನಮ್ಮದಲ್ಲ, ಇಲ್ಲಿಂದ ಏನನ್ನೂ ಒಯ್ಯುವಂತಿಲ್ಲ. ಪರಊರಲ್ಲಿ ಬಾಡಿಗೆಗಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಗೋಡೆಗೊಂದು ಮೊಳೆ ಹೊಡೆಯಲೂ ಮನೆ ಮಾಲೀಕರನ್ನು ನೆನೆದು ಹಿಂಜರಿಯುತ್ತೇವೆ. ಕಾಡಿನಲ್ಲಿ ಬಂದು ಕೇಳುವ ಮಾಲೀಕರಿಲ್ಲ. ಆ ಹಿಂಜರಿಕೆಯನ್ನು ನಾವೇ ಜೊತೆಗೆ ಒಯ್ಯಬೇಕು.